ಕಲ್ಲು, ಬಣ್ಣ, ಬಯಲು: ಕೊಪ್ಪಳ ಸೀಮೆಯ ಚಿತ್ರಪುಸ್ತಕವನ್ನು ರೂಪಿಸುವ ವಿಧಾನ

ತಮ್ಮ ಸೀಮೆಯ ಕಲೆ, ಇತಿಹಾಸ ಮತ್ತು ಬಯಲಿನ ಬದುಕನ್ನು ಕುರಿತು ಒಂದು ಸಚಿತ್ರ ಪುಸ್ತಕ ಮಾಡಬೇಕೆಂಬ ಆಸೆ ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆಯ ಅನೇಕ ಶಿಕ್ಷಕರಿಗೆ, ಛಾಯಾಗ್ರಾಹಕರಿಗೆ ಮತ್ತು ಚಿತ್ರಕಲಾವಿದರಿಗೆ ಇದೆ. ಆದರೆ ಇಂಥ ಪ್ರಯತ್ನಗಳಲ್ಲಿ ಹೆಚ್ಚಿನವು ಲೇಖನಗಳ ನಡುವೆ ಅಲ್ಲಲ್ಲಿ ಮಸುಕಾದ ಫೋಟೊಗಳನ್ನು ಸೇರಿಸಿದ ಸ್ಮರಣ ಸಂಚಿಕೆಯಾಗಿಯೋ, ಸೂರ್ಯಾಸ್ತದ ದೃಶ್ಯಗಳನ್ನು ಒಂದರ ಮೇಲೊಂದು ಪೇರಿಸಿದ ಆಲ್ಬಮ್ ಆಗಿಯೋ ಮುಗಿದುಹೋಗುತ್ತವೆ. ಎರಡರಲ್ಲಿಯೂ ಚಿತ್ರಕ್ಕೆ ಕೆಲಸವಿರುವುದಿಲ್ಲ. ಮಾತು ಹೇಳಲಾಗದ್ದನ್ನು ಚಿತ್ರ ಹೇಳಬೇಕು, ಚಿತ್ರ ತೋರಲಾಗದ್ದನ್ನು ಅಡಿಬರಹ ಹೇಳಬೇಕು ಎಂಬ ಒಂದು ನಿಯಮವನ್ನು ಮೊದಲ ದಿನದಿಂದ ಪಾಲಿಸಿದರೆ, ಮುಂದಿನ ತೀರ್ಮಾನಗಳೆಲ್ಲ ತಕ್ಕಮಟ್ಟಿಗೆ ಸುಲಭವಾಗುತ್ತವೆ. ಆ ನಿಯಮವನ್ನು ಕೊಪ್ಪಳದ ನೆಲದಲ್ಲಿ ಅನ್ವಯಿಸುವುದು ಹೇಗೆಂಬುದನ್ನು ಈ ಬರಹದಲ್ಲಿ ವಿವರಿಸುತ್ತೇನೆ.

ವ್ಯಾಪ್ತಿಯನ್ನು ಕಿರಿದು ಮಾಡಿಕೊಳ್ಳುವುದು

ಇಡೀ ಜಿಲ್ಲೆಯನ್ನು ಒಂದು ಪುಸ್ತಕದಲ್ಲಿ ಹಿಡಿಯಲು ಹೋಗಬಾರದು. ಕುಕನೂರಿನ ನವಲಿಂಗ ದೇವಾಲಯ, ಇಟಗಿಯ ಮಹಾದೇವ ದೇವಾಲಯ, ಕೊಪ್ಪಳದ ಕೋಟೆ, ಕನಕಗಿರಿ, ಆನೆಗೊಂದಿ, ಗವಿಮಠದ ಜಾತ್ರೆ, ಹುಲಿಗೆಮ್ಮನ ಗುಡಿ ಎಂದು ಪಟ್ಟಿ ಬೆಳೆಯುತ್ತಾ ಹೋದಂತೆ ಒಂದೊಂದಕ್ಕೂ ಎರಡು ಪುಟ ಮಾತ್ರ ಉಳಿಯುತ್ತದೆ, ಮತ್ತು ಎರಡು ಪುಟದಲ್ಲಿ ಯಾವ ಸ್ಥಳವೂ ಓದುಗನ ಕಣ್ಣಿಗೆ ಕಟ್ಟುವುದಿಲ್ಲ. 96 ಪುಟಗಳ ಪುಸ್ತಕಕ್ಕೆ ಮೂರು ಸ್ಥಳಗಳು ಸಾಕು. ಕಲೆಗೆ ಮರದ ಗೊಂಬೆಗಳ ಕಿನ್ನಾಳ, ಇತಿಹಾಸಕ್ಕೆ ಶಿಲಾಸಮಾಧಿಗಳ ಹಿರೇಬೆಣಕಲ್, ಬಯಲಿನ ಬದುಕಿಗೆ ತುಂಗಭದ್ರೆಯ ದಂಡೆ ಮತ್ತು ಅದರಾಚೆಯ ಕುರುಚಲು ಗುಡ್ಡಗಳು ಎಂದು ನಾನು ಆರಿಸಿಕೊಳ್ಳುತ್ತೇನೆ. ಮಸ್ಕಿಯವರಾದರೆ ಅಶೋಕನ ಶಾಸನವನ್ನು, ಬಳ್ಳಾರಿಯವರಾದರೆ ಸಂಗನಕಲ್ಲು ಮತ್ತು ಕಪ್ಪಗಲ್ಲಿನ ಗುಡ್ಡಗಳನ್ನು, ಸಂಡೂರಿನವರಾದರೆ ಲಂಬಾಣಿ ಕಸೂತಿಯನ್ನು ನಡುವೆ ಇಟ್ಟುಕೊಳ್ಳಬಹುದು. ಮೂರು ಸ್ಥಳಗಳ ನಡುವೆ ಒಂದು ಸಂಬಂಧ ಇರಬೇಕೆಂಬುದಷ್ಟೇ ಮುಖ್ಯ. ನನ್ನ ಉದಾಹರಣೆಯಲ್ಲಿ ಆ ಸಂಬಂಧ ನೆಲದಿಂದಲೇ ಬರುತ್ತದೆ: ಹಿರೇಬೆಣಕಲ್ಲಿನ ಜನ ಗೋರಿ ಕಟ್ಟಲು ಎಬ್ಬಿಸಿದ ಚಪ್ಪಡಿಗಳು, ಕಿನ್ನಾಳದ ಚಿತ್ರಗಾರರು ಅಂಟಿನೊಡನೆ ಕಲಸುವ ಕಲ್ಲಿನ ಪುಡಿ, ನದಿಯ ನೀರುನಾಯಿಗಳು ಮಲಗುವ ಬಂಡೆಗಳು, ಎಲ್ಲವೂ ಈ ಸೀಮೆಯ ಕಲ್ಲನ್ನೇ ನೆಚ್ಚಿಕೊಂಡವು.

ಹಳೆಯ ದಾಖಲೆಗಳು ಎಲ್ಲಿವೆ

ಹೊಲಕ್ಕಿಳಿಯುವ ಮೊದಲು ಗ್ರಂಥಾಲಯಕ್ಕೆ ಹೋಗಬೇಕು, ಮತ್ತು ಎಲ್ಲಿ ಹುಡುಕಬೇಕೆಂಬುದನ್ನು ಇಲ್ಲಿಯ ಆಡಳಿತದ ಚರಿತ್ರೆಯೇ ಹೇಳುತ್ತದೆ. ಕೊಪ್ಪಳ ಜಿಲ್ಲೆ 1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟಿತು. ರಾಯಚೂರು 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿತ್ತು. ಬಳ್ಳಾರಿ ಮಾತ್ರ ಮದರಾಸು ಆಡಳಿತದಲ್ಲಿದ್ದು 1953ರಲ್ಲಿ ಮೈಸೂರಿಗೆ ಸೇರಿತು. ಹೀಗಾಗಿ ತುಂಗಭದ್ರೆಯ ಒಂದು ದಂಡೆಯ ಹಳೆಯ ವರದಿಗಳು ಹೈದರಾಬಾದಿನಲ್ಲಿ, ಇನ್ನೊಂದು ದಂಡೆಯವು ಚೆನ್ನೈಯಲ್ಲಿ ದೊರೆಯುತ್ತವೆ. ಮಸ್ಕಿಯ ಶಾಸನವನ್ನು 1915ರಲ್ಲಿ ಗಣಿ ಎಂಜಿನಿಯರ್ ಬೀಡನ್ ಗುರುತಿಸಿದ ಮೇಲೆ, ಮತ್ತು ಕೊಪ್ಪಳದ ಗವಿಮಠ ಹಾಗೂ ಪಾಲ್ಕಿಗುಂಡು ಶಾಸನಗಳು 1931ರಲ್ಲಿ ಬೆಳಕಿಗೆ ಬಂದ ಮೇಲೆ, ಅವುಗಳ ಓದನ್ನು ಪ್ರಕಟಿಸಿದ್ದು ನಿಜಾಮರ ಕಾಲದ ಪ್ರಾಚ್ಯವಸ್ತು ಇಲಾಖೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಹೊರತಂದಿರುವ ಶಾಸನ ಸಂಪುಟಗಳನ್ನು ತಪ್ಪದೆ ನೋಡಬೇಕು. ನದಿಯಾಚೆಯ ವಿಜಯನಗರದ ಅವಶೇಷಗಳನ್ನು ಗ್ರೀನ್‌ಲಾ ಎಂಬ ಸೇನಾಧಿಕಾರಿ 1856ರಲ್ಲಿ ಕಾಗದದ ನೆಗೆಟಿವ್‌ಗಳಲ್ಲಿ ಸೆರೆಹಿಡಿದಿದ್ದಾನೆ. ಒಂದು ಸ್ಥಳದ ಹಳೆಯ ಚಿತ್ರವೊಂದು ಸಿಕ್ಕಿದರೆ, ಅದೇ ಕೋನದಿಂದ ಇಂದಿನ ಚಿತ್ರ ತೆಗೆದು ಎದುರುಬದುರು ಪುಟಗಳಲ್ಲಿ ಇಡಬಹುದು. ಅಂಥ ಒಂದು ಜೋಡಿ ಹತ್ತು ಪುಟಗಳ ವಿವರಣೆಯ ಕೆಲಸ ಮಾಡುತ್ತದೆ.

ಹಿರೇಬೆಣಕಲ್: ಕಲ್ಲನ್ನು ಚಿತ್ರಿಸುವುದು

ಗಂಗಾವತಿಯ ಹತ್ತಿರದ ಹಿರೇಬೆಣಕಲ್ ಗುಡ್ಡದ ಮೇಲೆ ಸುಮಾರು 400 ಬೃಹತ್ ಶಿಲಾಸಮಾಧಿಗಳಿವೆ. ಕಬ್ಬಿಣಯುಗದ ಈ ನೆಲೆಯನ್ನು 2021ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿಸಲಾಯಿತು. ಸುತ್ತಲಿನ ಊರಿನವರು ಇದನ್ನು ಮೋರ್ಯರ ಗುಡ್ಡ ಎಂದು ಕರೆಯುತ್ತಾರೆ. ಕುಳ್ಳ ದೇಹದ ಮೋರ್ಯರು ಈ ಕಲ್ಮನೆಗಳಲ್ಲಿ ವಾಸಿಸುತ್ತಿದ್ದರು ಎಂಬ ನಂಬಿಕೆ ಅವರಲ್ಲಿದೆ. ಪುಸ್ತಕದಲ್ಲಿ ಎರಡೂ ಮಾತುಗಳಿಗೆ ಜಾಗ ಕೊಡಬೇಕು. ಆದರೆ ಯಾವುದು ಉತ್ಖನನ ಮತ್ತು ಸಮೀಕ್ಷೆಯ ತಿಳಿವಳಿಕೆ, ಯಾವುದು ಜನರ ನಂಬಿಕೆ ಎಂಬುದು ಓದುಗನಿಗೆ ಮೊದಲ ನೋಟಕ್ಕೇ ಗೊತ್ತಾಗುವಂತೆ ಅವನ್ನು ಬೇರೆ ಬೇರೆ ಅಕ್ಷರ ಶೈಲಿಯಲ್ಲಿಯೋ ಬೇರೆ ಅಂಕಣದಲ್ಲಿಯೋ ಅಚ್ಚು ಹಾಕಬೇಕು.

ಇಲ್ಲಿ ಫೋಟೊ ಮಾತ್ರ ಸಾಲದು. ಕಲ್ಮನೆಯ ಫೋಟೊದಲ್ಲಿ ಹಿಂದಿನ ಬಂಡೆ, ಮುಂದಿನ ಪೊದೆ, ಚಪ್ಪಡಿಯ ನೆರಳು ಎಲ್ಲ ಒಂದೇ ಬಣ್ಣದಲ್ಲಿ ಬೆರೆತು, ಗೋಡೆ ಎಲ್ಲಿ ಮುಗಿಯಿತು, ಚಾವಣಿ ಎಲ್ಲಿ ಶುರುವಾಯಿತು ಎಂಬುದೇ ತಿಳಿಯುವುದಿಲ್ಲ. ಆದ್ದರಿಂದ ಒಂದು ಕಲ್ಮನೆಯನ್ನಾದರೂ ಗೆರೆಚಿತ್ರದಲ್ಲಿ ಬಿಡಿಸಬೇಕು. ನಾಲ್ಕು ಕಡೆಯ ಚಪ್ಪಡಿಗಳು ಒಂದಕ್ಕೊಂದು ಹೇಗೆ ಆತುಕೊಂಡಿವೆ, ಮೇಲಿನ ಹಾಸುಗಲ್ಲು ಎಷ್ಟು ಹೊರಚಾಚಿದೆ, ಎದುರಿನ ಚಪ್ಪಡಿಯಲ್ಲಿ ಕೊರೆದ ದುಂಡು ಕಿಂಡಿ ನೆಲದಿಂದ ಎಷ್ಟು ಎತ್ತರದಲ್ಲಿದೆ ಎಂಬುದನ್ನು ಅಳೆದು ಬರೆದುಕೊಂಡು, ಚಿತ್ರದ ಪಕ್ಕದಲ್ಲಿ ಒಬ್ಬ ಮನುಷ್ಯನ ಆಕೃತಿಯನ್ನು ಅದೇ ಪ್ರಮಾಣದಲ್ಲಿ ನಿಲ್ಲಿಸಬೇಕು. ಅಳತೆಪಟ್ಟಿಗಿಂತ ಮನುಷ್ಯನ ಆಕೃತಿ ಶಾಲೆಯ ಮಕ್ಕಳಿಗೆ ಬೇಗ ಅರ್ಥವಾಗುತ್ತದೆ. ಬಡಿದರೆ ದೂರದವರೆಗೆ ಕೇಳಿಸುವ ನಗಾರಿ ಗುಂಡು ಕೂಡ ಇದೇ ಗುಡ್ಡದಲ್ಲಿದೆ. ಸದ್ದನ್ನು ಚಿತ್ರಿಸಲಾಗದು, ಹಾಗಾಗಿ ಆ ಸಂಗತಿ ಅಡಿಬರಹದಲ್ಲಿ ಬರಬೇಕು.

ಗುಹೆಗಳಲ್ಲಿ ಕೆಮ್ಮಣ್ಣಿನಿಂದ ಬರೆದ ಚಿತ್ರಗಳ ಫೋಟೊ ತೆಗೆಯುವಾಗ ಕೆಲವು ಕಟ್ಟುಪಾಡುಗಳಿವೆ. ಬಣ್ಣ ಎದ್ದು ಕಾಣಲೆಂದು ಕೆಲವರು ನೀರು ಚಿಮುಕಿಸುತ್ತಾರೆ, ಇನ್ನು ಕೆಲವರು ಅಂಚಿನ ಸುತ್ತ ಸೀಮೆಸುಣ್ಣದಿಂದ ಗೆರೆ ಎಳೆಯುತ್ತಾರೆ. ಎರಡೂ ಚಿತ್ರವನ್ನು ಕೆಡಿಸುವ ಕೆಲಸಗಳು, ಎಂದೂ ಮಾಡಬಾರದು. ಫ್ಲ್ಯಾಶ್ ಬಳಸದೆ ನೆರಳಿನ ಬೆಳಕಿನಲ್ಲಿ ಫೋಟೊ ತೆಗೆದು, ಆಮೇಲೆ ಕಂಪ್ಯೂಟರಿನಲ್ಲಿ ಡಿ-ಸ್ಟ್ರೆಚ್ ಎಂಬ ತಂತ್ರಾಂಶದ ನೆರವಿನಿಂದ ಬಣ್ಣಗಳನ್ನು ಹಿಗ್ಗಿಸಿದರೆ ಕಣ್ಣಿಗೆ ಕಾಣದ ಗೆರೆಗಳೂ ಮೇಲೆದ್ದು ಬರುತ್ತವೆ. ಹಿಗ್ಗಿಸಿದ ಚಿತ್ರವನ್ನು ಅಚ್ಚು ಹಾಕುವಾಗ ಪಕ್ಕದಲ್ಲಿ ಮೂಲ ಫೋಟೊವನ್ನೂ ಇಡಬೇಕು, ಇಲ್ಲವಾದರೆ ಗುಡ್ಡ ಹತ್ತಿದ ಓದುಗ ಪುಸ್ತಕದಲ್ಲಿನ ಕಡುಕೆಂಪನ್ನು ಹುಡುಕಿ ನಿರಾಶನಾಗುತ್ತಾನೆ. ಬಳ್ಳಾರಿಯ ಬಳಿಯ ಕಪ್ಪಗಲ್ಲಿನ ಹಿರೇಗುಡ್ಡದಂತೆ ಕಲ್ಲನ್ನು ಕುಟ್ಟಿ ಮೂಡಿಸಿದ ಚಿತ್ರಗಳಾದರೆ ವಿಧಾನ ಬೇರೆ. ಅಲ್ಲಿನ ಕಪ್ಪು ಬಂಡೆಯ ಮೇಲಿನ ಉದ್ದ ಕೋಡಿನ ಗೂಳಿಗಳು ನಡುಹಗಲಿನಲ್ಲಿ ಸರಿಯಾಗಿ ಕಾಣುವುದಿಲ್ಲ. ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲು ಬಂಡೆಯನ್ನು ಸವರುವ ಹೊತ್ತಿನಲ್ಲಿ ಮಾತ್ರ ಗುದ್ದಿನ ಗುರುತುಗಳು ನೆರಳು ಹಿಡಿದು ಸ್ಪಷ್ಟವಾಗುತ್ತವೆ.

ಚಿತ್ರ ಹೇಗೆ ಇತಿಹಾಸ ಹೇಳುತ್ತದೆ ಎಂಬುದಕ್ಕೆ ನಮ್ಮ ಸೀಮೆಯಲ್ಲಿಯೇ ಒಂದು ಹಳೆಯ ಮಾದರಿ ಇದೆ. ರಾಯಚೂರು ಕೋಟೆಯ ಗೋಡೆಯಲ್ಲಿ 40 ಅಡಿಗೂ ಉದ್ದದ ಒಂದೇ ಕಲ್ಲಿನ ಮೇಲೆ 1294ರ ಶಾಸನವಿದೆ. ಅದರ ಜೊತೆಗೆ ಆ ಭಾರಿ ಕಲ್ಲನ್ನು ಬಂಡಿಯ ಮೇಲಿಟ್ಟು ಜಾನುವಾರುಗಳ ಸಾಲಿನಿಂದ ಎಳೆಸುತ್ತಿರುವ ಗೆರೆಚಿತ್ರವನ್ನೂ ಕೆತ್ತಿದ್ದಾರೆ. ಕಲ್ಲು ಅಲ್ಲಿಗೆ ಬಂದದ್ದು ಹೇಗೆ ಎಂಬುದು ಆ ಚಿತ್ರವಿಲ್ಲದೆ ಹೋಗಿದ್ದರೆ ಊಹೆಯಾಗಿಯೇ ಉಳಿಯುತ್ತಿತ್ತು. ಸಚಿತ್ರ ಪುಸ್ತಕ ಮಾಡುವವರು ರಾಯಚೂರಿಗೆ ಹೋದಾಗ ಅದರ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕೆಂದು ನಾನು ಒತ್ತಿ ಹೇಳುತ್ತೇನೆ.

ಕಿನ್ನಾಳ: ಕೆಲಸವನ್ನು ಹಂತಹಂತವಾಗಿ ತೋರಿಸುವುದು

ಕಿನ್ನಾಳದ ಬಗ್ಗೆ ಬಂದ ಹೆಚ್ಚಿನ ಚಿತ್ರಗಳಲ್ಲಿ ಮುಗಿದ ಗೊಂಬೆ ಇರುತ್ತದೆ, ಇಲ್ಲವೇ ಗೊಂಬೆ ಹಿಡಿದು ಕ್ಯಾಮೆರಾ ನೋಡುತ್ತಿರುವ ಕಲಾವಿದರು ಇರುತ್ತಾರೆ. ಕೈಕೆಲಸ ಮಾತ್ರ ಕಾಣುವುದಿಲ್ಲ. ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಈ ಕಲೆಯ ಮರ್ಮ ಇರುವುದು ಬಣ್ಣದ ಕೆಳಗೆ, ಆದ್ದರಿಂದ ಬಣ್ಣ ಹಚ್ಚುವ ಮೊದಲಿನ ಹಂತಗಳಿಗೆ ಪುಸ್ತಕದಲ್ಲಿ ಹೆಚ್ಚು ಪುಟ ಕೊಡಬೇಕು.

ಹಗುರ ಮರದ ತುಂಡುಗಳನ್ನು ಕೆತ್ತಿ ಜೋಡಿಸುವುದು ಮೊದಲ ಹಂತ. ಗೋಣಿಯ ಚಿಂದಿಗಳನ್ನು ನೆನೆಸಿ, ಒಣಗಿಸಿ, ಪುಡಿ ಮಾಡಿ, ಮರದ ಹೊಟ್ಟು ಮತ್ತು ಹುಣಸೆ ಬೀಜದ ಅಂಟಿನೊಡನೆ ಕಲಸಿದ ಕಿಟ್ಟದಿಂದ ಸಂದುಗಳನ್ನು ಮುಚ್ಚುತ್ತಾರೆ. ಮೈಮೇಲೆಲ್ಲ ಅರಳೆಯ ಚೂರುಗಳನ್ನು ಹುಣಸೆ ಅಂಟಿನಿಂದ ಹಚ್ಚುತ್ತಾರೆ. ಕಲ್ಲಿನ ಪುಡಿಯನ್ನು ದ್ರವರೂಪದ ಅಂಟಿನಲ್ಲಿ ಕಲಸಿ ಒಡವೆಗಳ ಉಬ್ಬು ಕೆಲಸ ಮಾಡುತ್ತಾರೆ. ಅದಾದ ಮೇಲೆ ಬಣ್ಣ. ತವರದಿಂದ ಸಿದ್ಧಪಡಿಸಿ ಚಿನ್ನದ ಹೊಳಪು ತರುವ ಲಾಜವಾರದ ಕೆಲಸವೂ ಈ ಪರಂಪರೆಯದ್ದೇ. ಒಂದು ಗರುಡನ ಮೂರ್ತಿಯನ್ನು ಆರಿಸಿಕೊಂಡು, ಮೊದಲಿನಿಂದ ಕೊನೆಯವರೆಗೆ ಅದೇ ಕೋನದಿಂದ, ಅದೇ ಬೆಳಕಿನಲ್ಲಿ, ಅದೇ ಹಿನ್ನೆಲೆಯ ಮುಂದೆ ಪ್ರತಿ ಹಂತದ ಒಂದು ಫೋಟೊ ತೆಗೆದರೆ ಎರಡು ಪುಟಗಳ ಹರವಿನಲ್ಲಿ ಇಡೀ ಕಸುಬು ಕಾಣುತ್ತದೆ. ಒಂದು ಹಂತ ಒಣಗುವವರೆಗೆ ಮುಂದಿನದಕ್ಕೆ ಕೈ ಹಾಕುವಂತಿಲ್ಲವಾದ್ದರಿಂದ, ಒಂದೇ ಭೇಟಿಯಲ್ಲಿ ಈ ಸಾಲು ಪೂರ್ಣಗೊಳ್ಳುವುದಿಲ್ಲ. ಕಲಾವಿದರ ಮನೆಯಲ್ಲಿ ಆಗ ಯಾವ ಮೂರ್ತಿ ಯಾವ ಹಂತದಲ್ಲಿದೆ ಎಂದು ಕೇಳಿಕೊಂಡು ಅವರ ಕೆಲಸದ ವೇಳೆಗೆ ನಾವು ಹೊಂದಿಕೊಳ್ಳಬೇಕೇ ಹೊರತು, ಚಿತ್ರಕ್ಕಾಗಿ ಅವರಿಂದ ಕೆಲಸದ ನಟನೆ ಮಾಡಿಸಬಾರದು. ಕಿಟ್ಟ ಕಲಸುವ ಕೈಯ ಬೆರಳುಗಳು ಹೇಗೆ ಅಂಟಿಕೊಂಡು ಬಿಡಿಸಿಕೊಳ್ಳುತ್ತವೆ ಎಂಬುದು ನಟನೆಯಲ್ಲಿ ಬರುವುದಿಲ್ಲ.

ಹೊಳಪನ್ನು ಸೆರೆಹಿಡಿಯುವುದು ಕಷ್ಟದ ಕೆಲಸ. ನೇರ ಫ್ಲ್ಯಾಶ್ ಬಿದ್ದರೆ ಹೊಳೆಯುವ ಭಾಗ ಬರೀ ಬಿಳಿ ಚುಕ್ಕೆಯಾಗುತ್ತದೆ. ಬಾಗಿಲ ಬೆಳಕಿನ ಎದುರು ತೆಳು ಬಿಳಿ ಪಂಚೆಯೊಂದನ್ನು ಇಳಿಬಿಟ್ಟು, ಮೂರ್ತಿಯನ್ನು ಸ್ವಲ್ಪ ಓರೆಯಾಗಿ ತಿರುಗಿಸಿದರೆ ಉಬ್ಬುಗಳ ಅಂಚಿನಲ್ಲಿ ಹೊಳಪು ಮೆಲ್ಲಗೆ ಹರಿಯುತ್ತದೆ. ಆದರೂ ನಾಲ್ಕು ಬಣ್ಣಗಳ ಮುದ್ರಣದಲ್ಲಿ ಚಿನ್ನದ ಹೊಳಪು ಹಳದಿ-ಕಂದಾಗಿಯೇ ಇಳಿಯುತ್ತದೆ. ಐದನೆಯದಾಗಿ ಲೋಹದ ಬಣ್ಣ ಸೇರಿಸಿದರೆ ಖರ್ಚು ಏರುತ್ತದೆ. ಹೊದಿಕೆಗೆ ಮಾತ್ರ ಅದನ್ನು ಬಳಸುವುದು ವಿವೇಕದ ದಾರಿ ಎಂದು ನನ್ನ ಅಭಿಪ್ರಾಯ.

ಕಲಾವಿದರೊಡನೆ ಬರಹದ ಒಪ್ಪಂದ ಇರಲಿ. ಅವರ ಹೆಸರು, ಅವರ ವಿನ್ಯಾಸ, ಅವರ ಸಮಯ ಮೂರೂ ಬೆಲೆಯುಳ್ಳವು. ಅಧ್ಯಾಯದ ಅಂಚುಪಟ್ಟಿಗಳನ್ನು ಕಂಪ್ಯೂಟರಿನ ಸಿದ್ಧ ಚಿತ್ತಾರಗಳಿಂದ ತುಂಬುವ ಬದಲು ಕಿನ್ನಾಳದ ಚಿತ್ರಗಾರರಿಂದಲೇ ಬಿಡಿಸಿ, ತಕ್ಕ ಸಂಭಾವನೆ ಕೊಟ್ಟು, ಒಳಪುಟದಲ್ಲಿ ಚಿತ್ರಕಾರರೆಂದು ಅವರ ಹೆಸರನ್ನು ಅಚ್ಚು ಹಾಕಿದರೆ ಪುಸ್ತಕಕ್ಕೆ ನಿಜವಾದ ತೂಕ ಬರುತ್ತದೆ. ಇದೇ ಮಾತು ತೊಗಲುಗೊಂಬೆಯವರಿಗೂ ಅನ್ವಯಿಸುತ್ತದೆ. ಕೊಪ್ಪಳ ತಾಲ್ಲೂಕಿನ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ನಾಡಿನ ಕಣ್ಣು ಆ ಕಲೆಯ ಕಡೆ ತಿರುಗಿತು. ತೊಗಲುಗೊಂಬೆಯನ್ನು ಮೇಜಿನ ಮೇಲಿಟ್ಟು ಫೋಟೊ ತೆಗೆಯುವುದು ತಪ್ಪು ವಿಧಾನ. ಅದನ್ನು ಪರದೆಯ ಹಿಂದಿನ ದೀಪದ ಬೆಳಕಿನಲ್ಲಿಯೇ, ಬಣ್ಣ ತೊಗಲಿನ ಮೂಲಕ ಹಾದು ಬರುವಾಗ ತೆಗೆಯಬೇಕು.

ನದಿ ಮತ್ತು ಬಯಲು

ಬಯಲಿನ ಬದುಕಿನ ಭಾಗಕ್ಕೆ ಒಂದು ಪೂರ್ಣ ವರ್ಷದ ಕಾಲಚಕ್ರ ಬೇಕು. ಬೇಸಿಗೆಯಲ್ಲಿ ನದಿ ಬಂಡೆಗಳ ನಡುವೆ ಹರಿದು ಹಂಚಿಹೋಗಿರುತ್ತದೆ. ಮಳೆಗಾಲದಲ್ಲಿ ಜಲಾಶಯದ ಗೇಟುಗಳು ತೆರೆದ ಮೇಲೆ ಅದೇ ಜಾಗ ಕೆಂಪು ನೀರಿನ ಹರವಾಗಿ ಹರಿಗೋಲು ನಿಂತುಹೋಗುತ್ತದೆ. ಒಂದೇ ಬಂಡೆಯ ಮೇಲೆ ನಿಂತು ಎರಡೂ ಕಾಲದಲ್ಲಿ ತೆಗೆದ ಚಿತ್ರಗಳು ಬೇಕು. ಗಂಗಾವತಿಯ ಭತ್ತದ ಗದ್ದೆ ಮತ್ತು ಅದರಾಚೆಗೆ ನೀರು ಹತ್ತದ ಎರೆ (ಕಪ್ಪು ಮಣ್ಣು), ಮಸಾರಿ (ಕೆಂಪು ಮಣ್ಣು) ಹೊಲಗಳು ಒಂದೇ ಚೌಕಟ್ಟಿನಲ್ಲಿ ಸಿಗುವ ಎತ್ತರವೊಂದನ್ನು ಹುಡುಕಿದರೆ, ಕಾಲುವೆ ಈ ಸೀಮೆಗೆ ಮಾಡಿದ್ದೇನು ಎಂಬುದು ಒಂದೇ ನೋಟಕ್ಕೆ ತಿಳಿಯುತ್ತದೆ.

ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿಲೋಮೀಟರ್ ನದಿಯನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಲಾಗಿದೆ. ನೀರುನಾಯಿಯ ಒಳ್ಳೆಯ ಫೋಟೊ ಸಿಗದಿದ್ದರೆ ಚಿಂತೆ ಬೇಡ. ದಂಡೆಯ ಮರಳಿನ ಮೇಲಿನ ಹೆಜ್ಜೆ, ಬಂಡೆಯ ಮೇಲೆ ಉಳಿದ ಮೀನಿನ ಹುರುಪೆ, ಇವುಗಳ ಜಲವರ್ಣ ಚಿತ್ರ ಮಕ್ಕಳಿಗೆ ಹೆಚ್ಚು ಕಲಿಸುತ್ತದೆ, ಏಕೆಂದರೆ ಅವರು ದಂಡೆಗೆ ಹೋದಾಗ ಕಾಣುವುದು ಪ್ರಾಣಿಯಲ್ಲ, ಅದರ ಗುರುತುಗಳು. ಕೊಪ್ಪಳ ಜಿಲ್ಲೆಯದೇ ಆದ ಬಂಕಾಪುರದ ಕುರುಚಲು ಬಯಲಿನ ತೋಳಗಳ ಬಗ್ಗೆ ಬರೆಯುವಾಗ ಕುರಿಗಾಹಿಗಳ ಮಾತು ಕೇಳದೆ ಬರೆಯಬಾರದು. ತೋಳದೊಡನೆ ದಿನವೂ ಲೆಕ್ಕ ಇಟ್ಟುಕೊಂಡವರು ಅವರೇ.

ಇಲ್ಲಿ ಒಂದು ಕಟ್ಟುನಿಟ್ಟಿನ ಎಚ್ಚರಿಕೆ. ತೋಳದ ಗವಿ, ಗೂಬೆಯ ಗೂಡು, ಕಾವಲಿಲ್ಲದ ಶಿಲಾಸಮಾಧಿ, ಇವುಗಳ ನಿಖರ ಸ್ಥಾನವನ್ನು ನಕ್ಷೆಯಲ್ಲಿ ಗುರುತಿಸಬಾರದು. ನಿಧಿಗಳ್ಳರು ಅಗೆದು ಹಾಳುಮಾಡಿದ ಸಮಾಧಿಗಳು, ಗುಡಿಗಳು ನಮ್ಮ ಭಾಗದಲ್ಲಿ ಬೇಕಾದಷ್ಟಿವೆ. ಫೋಟೊ ಕಡತಗಳಲ್ಲಿ ಅಡಗಿರುವ ಜಿಪಿಎಸ್ ವಿವರವನ್ನೂ ಅಂತರ್ಜಾಲಕ್ಕೆ ಏರಿಸುವ ಮೊದಲು ಅಳಿಸಬೇಕು. ನಕ್ಷೆಗೆ ಭಾರತೀಯ ಸರ್ವೇಕ್ಷಣಾ ಇಲಾಖೆಯ 1:50,000 ಪ್ರಮಾಣದ ಮುಕ್ತ ಹಾಳೆಗಳನ್ನು ಆಧಾರವಾಗಿ ಇಟ್ಟುಕೊಂಡು, ಗುಡ್ಡ, ಹಳ್ಳ, ದಾರಿ, ಊರು ಇಷ್ಟನ್ನೇ ಕೈಯಿಂದ ಬಿಡಿಸಿದರೆ ಸಾಕು.

ಅಡಿಬರಹ

ಪುಸ್ತಕದ ಅರ್ಧ ಯಶಸ್ಸು ಇಲ್ಲಿದೆ, ಆದರೂ ಕೊನೆಯ ರಾತ್ರಿ ಅವಸರದಲ್ಲಿ ಬರೆಯುವ ಭಾಗವೂ ಇದೇ. ಕಲ್ಮನೆಯೊಂದರ ಚಿತ್ರದ ಕೆಳಗೆ “ಹಿರೇಬೆಣಕಲ್ಲಿನ ಸುಂದರ ಶಿಲಾಸಮಾಧಿ” ಎಂದು ಬರೆದರೆ ಓದುಗನಿಗೆ ಏನೂ ದಕ್ಕಲಿಲ್ಲ. “ಎದುರಿನ ಚಪ್ಪಡಿಯ ದುಂಡು ಕಿಂಡಿಯನ್ನು ಗಮನಿಸಿ. ಬಂಡೆಯ ಪದರಗಳು ಬಿಸಿಲಿಗೆ ಸಿಪ್ಪೆಯಂತೆ ಕಳಚಿಕೊಳ್ಳುವುದರಿಂದ ಇಂಥ ತೆಳು ಚಪ್ಪಡಿಗಳನ್ನು ಇದೇ ಗುಡ್ಡದಲ್ಲಿ ಎಬ್ಬಿಸಲು ಸಾಧ್ಯವಾಗುತ್ತಿತ್ತು” ಎಂದು ಬರೆದರೆ, ಓದುಗ ಮತ್ತೆ ಚಿತ್ರಕ್ಕೆ ಹೋಗಿ ಕಿಂಡಿಯನ್ನು ನೋಡುತ್ತಾನೆ, ಚಪ್ಪಡಿಯ ದಪ್ಪವನ್ನು ಅಂದಾಜು ಮಾಡುತ್ತಾನೆ. ಒಳ್ಳೆಯ ಅಡಿಬರಹ ಕಣ್ಣನ್ನು ಚಿತ್ರದ ಒಂದು ನಿರ್ದಿಷ್ಟ ಜಾಗಕ್ಕೆ ಕಳಿಸುತ್ತದೆ. ಸ್ಥಳ, ತಿಂಗಳು, ಚಿತ್ರ ತೆಗೆದವರ ಹೆಸರು ಚಿಕ್ಕ ಅಕ್ಷರಗಳಲ್ಲಿ ಕೊನೆಗೆ ಬರಲಿ. ಊರಿನವರು ಬಳಸುವ ಶಬ್ದಗಳನ್ನು ಹಾಗೆಯೇ ಉಳಿಸಿಕೊಂಡು, ಬೇರೆ ಸೀಮೆಯ ಓದುಗರಿಗೆಂದು ಕೊನೆಯಲ್ಲಿ ಒಂದು ಪುಟದ ಪದಕೋಶ ಕೊಡಬಹುದು.

ಪುಟವಿನ್ಯಾಸ ಮತ್ತು ಮುದ್ರಣ

ಕನ್ನಡ ಸಾಲುಗಳಿಗೆ ಇಂಗ್ಲಿಷಿಗಿಂತ ಹೆಚ್ಚಿನ ಅಂತರ ಬೇಕು, ಏಕೆಂದರೆ ಒತ್ತಕ್ಷರಗಳು ಕೆಳಗಿಳಿಯುತ್ತವೆ. ಅಕ್ಷರ 12 ಪಾಯಿಂಟ್ ಇದ್ದರೆ ಸಾಲಿನ ಅಂತರ 18 ಪಾಯಿಂಟ್ ಇಡುವುದು ಕ್ಷೇಮ. ಫೋಟೊದ ಮೇಲೆ ಅಕ್ಷರಗಳನ್ನು ಅಚ್ಚು ಹಾಕಲೇಬಾರದು. ಬಂಡೆಯ ಚುಕ್ಕೆಗಳ ನಡುವೆ ಒತ್ತಕ್ಷರ ಮಾಯವಾಗುತ್ತದೆ. ಬರಹವನ್ನು ಮೊದಲಿನಿಂದಲೂ ಯೂನಿಕೋಡ್‌ನಲ್ಲಿಯೇ ಸಿದ್ಧಪಡಿಸಬೇಕು. ಹಳೆಯ ನುಡಿ ಅಥವಾ ಶ್ರೀಲಿಪಿ ಅಕ್ಷರಗಳಿಂದ ಪರಿವರ್ತಿಸಿದಾಗ ಅರ್ಕಾವತ್ತು ಮತ್ತು ಒತ್ತಕ್ಷರಗಳು ಅದಲುಬದಲಾಗುವುದುಂಟು, ಹಾಗಾಗಿ ಪರಿವರ್ತನೆಯ ನಂತರ ಪೂರ್ತಿ ಕರಡನ್ನು ಮತ್ತೊಮ್ಮೆ ಓದಬೇಕು. ಇನ್‌ಡಿಸೈನ್ ಎಂಬ ಪುಟವಿನ್ಯಾಸ ತಂತ್ರಾಂಶ ಬಳಸುವವರು ವರ್ಲ್ಡ್-ರೆಡಿ ಕಂಪೋಸರ್ ಆಯ್ಕೆಯನ್ನು ಒತ್ತದೆ ಇದ್ದರೆ ಕನ್ನಡ ಅಕ್ಷರಗಳು ಒಡೆದು ಕಾಣುತ್ತವೆ.

ಚಿತ್ರಗಳು ಅಚ್ಚಾಗುವ ಅಳತೆಯಲ್ಲಿ 300 ಡಿಪಿಐ (ಒಂದು ಅಂಗುಲಕ್ಕೆ 300 ಚುಕ್ಕೆ) ಇರಬೇಕು. ವಾಟ್ಸ್‌ಆ್ಯಪ್‌ನಲ್ಲಿ ಬಂದ ಫೋಟೊ ಎಷ್ಟೇ ಚೆನ್ನಾಗಿ ಕಂಡರೂ ಮುದ್ರಣಕ್ಕೆ ಆಗದು, ಮೂಲ ಕಡತವನ್ನೇ ತರಿಸಿಕೊಳ್ಳಬೇಕು. ಪುಟಗಳ ಸಂಖ್ಯೆ 16ರ ಮಡಿಕೆಯಲ್ಲಿದ್ದರೆ ಕಾಗದ ವ್ಯರ್ಥವಾಗುವುದಿಲ್ಲ. 96 ಎಂದರೆ ಆರು ಫಾರಂ. ಮಿಂಚುವ ಆರ್ಟ್ ಕಾಗದಕ್ಕಿಂತ 130 ಜಿಎಸ್‌ಎಂ ಮ್ಯಾಟ್ ಕಾಗದ ಕಲ್ಲಿನ ಬಣ್ಣಗಳಿಗೆ ಒಪ್ಪುತ್ತದೆ, ಓದುವಾಗ ಬೆಳಕು ಕಣ್ಣಿಗೆ ಹೊಡೆಯುವುದಿಲ್ಲ. ಬರೀ ಅಂಟಿನ ಬೈಂಡಿಂಗ್ ನಮ್ಮ ಬಿಸಿಲಿಗೆ ಬೇಗ ಬಿಚ್ಚಿಕೊಳ್ಳುತ್ತದೆ, ದಾರದ ಹೊಲಿಗೆಯನ್ನೇ ಕೇಳಬೇಕು. ಪರದೆಯ ಮೇಲಿನ ಬಣ್ಣವನ್ನು ನಂಬದೆ, ಕಿನ್ನಾಳದ ಕೆಂಪು ಇರುವ ಒಂದು ಪುಟ ಮತ್ತು ಗುಡ್ಡದ ಗುಲಾಬಿ-ಬೂದು ಇರುವ ಒಂದು ಪುಟವನ್ನು ಅದೇ ಕಾಗದದ ಮೇಲೆ ಪ್ರೂಫ್ ತೆಗೆಸಿ, ಪ್ರೂಫನ್ನು ಮೂರ್ತಿಯ ಪಕ್ಕದಲ್ಲಿ ಹಿಡಿದು ಹೋಲಿಸಬೇಕು.

ಅನುಮತಿ, ಹಕ್ಕು, ಹಂಚಿಕೆ

ಸಂರಕ್ಷಿತ ಸ್ಮಾರಕಗಳಲ್ಲಿ ಟ್ರೈಪಾಡ್, ದೀಪ, ಡ್ರೋನ್ ಬಳಸುವ ಮೊದಲು ಸಂಬಂಧಪಟ್ಟ ಇಲಾಖೆಯ ಅನುಮತಿ ಕೇಳಬೇಕು. ಶಾಸನದ ಮೇಲೆ ಕಾಗದ ಒತ್ತಿ ಪ್ರತಿ ತೆಗೆಯುವುದನ್ನು ನಾವೇ ಮಾಡಲು ಹೋಗಬಾರದು. ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಲೇಖಕರ ಬರಹಕ್ಕೆ ಅವರ ಮರಣದ ನಂತರ 60 ವರ್ಷ, ಫೋಟೊಗೂ ಅದನ್ನು ತೆಗೆದವರ ಮರಣದ ನಂತರ 60 ವರ್ಷ ಹಕ್ಕು ಇರುತ್ತದೆ. ಅಂತರ್ಜಾಲದಲ್ಲಿ ಸಿಕ್ಕ ಚಿತ್ರ ಎಲ್ಲರದ್ದೂ ಅಲ್ಲ. ಐಎಸ್‌ಬಿಎನ್ ಸಂಖ್ಯೆಯನ್ನು ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಸಂಸ್ಥೆಯಿಂದ ಅಂತರ್ಜಾಲದ ಮೂಲಕ ಶುಲ್ಕವಿಲ್ಲದೆ ಪಡೆಯಬಹುದು. 1954ರ ಕಾಯ್ದೆಯಂತೆ ಪ್ರಕಟವಾದ 30 ದಿನಗಳೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ ಮತ್ತು ಇನ್ನು ಮೂರು ಗ್ರಂಥಾಲಯಗಳಿಗೆ ಪ್ರತಿ ಕಳಿಸುವುದು ಪ್ರಕಾಶಕರ ಹೊಣೆ. ಕನ್ನಡ ಪುಸ್ತಕ ಪ್ರಾಧಿಕಾರ ಪುಸ್ತಕ ಸೊಗಸಿಗೆ ಬಹುಮಾನ ಕೊಡುತ್ತದೆ, ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನವನ್ನೂ ಕೊಡುತ್ತದೆ. ಅರ್ಜಿ ಕರೆಯುವ ಪ್ರಕಟಣೆ ಹೊರಡುವ ಸಮಯವನ್ನು ಗಮನಿಸುತ್ತಿರಬೇಕು.

ಮೊದಲ ಪ್ರತಿಗಳು ಕಿನ್ನಾಳ, ಹಿರೇಬೆಣಕಲ್, ಮೋರನಾಳದ ಶಾಲೆಗಳಿಗೆ ಮತ್ತು ಚಿತ್ರದಲ್ಲಿ ಕಾಣಿಸಿಕೊಂಡ ಪ್ರತಿಯೊಬ್ಬರ ಮನೆಗೆ ಹೋಗಬೇಕು. ಓದಲು ಬಾರದವರಿಗೆ ಅವರ ಪುಟವನ್ನು ಕುಳಿತು ಓದಿ ಹೇಳಿ, ಹೆಸರಿನಲ್ಲಿ, ಹಂತದಲ್ಲಿ, ಜಾಗದಲ್ಲಿ ಅವರು ಹೇಳಿದ ತಿದ್ದುಪಡಿಗಳನ್ನು ಒಂದು ಪ್ರತಿಯ ಅಂಚಿನಲ್ಲಿ ಗುರುತು ಹಾಕಿಕೊಂಡು, ಆ ಪ್ರತಿಯನ್ನೇ ಎರಡನೆಯ ಮುದ್ರಣದ ಕರಡಾಗಿ ಎತ್ತಿಡಬೇಕು.